ನೇರಳೆ ದಾರದ ಗಂಟು

"ಬುದ್ಧಿ ಅನ್ನೋದು ಇದ್ರೆ ತಾನೇ! ತಿಂದು ಎಲ್ಲೆಂದ್ರಲ್ಲಿ ಬಿಸಾಕೋದು!" ಮೋನಿಕಾ ಕೆಸರಿನಿಂದ ಚಿಪ್ಸ್ ಪ್ಯಾಕೆಟ್ಟೊಂದನ್ನು ಎಳೆದು ಚೀಲಕ್ಕೆ ತುರುಕಿದಳು. "ಇಂಥೋರ್ನ ಹಿಡ್ಕೊಂಡ್ ಬಂದು ಒಂದಿನ ಇಲ್ಲೇ ಬಗ್ಗಿಸ್ಬೇಕು ಕಣೋ, ಸೊಂಟ ನೋಯೋ ಹಂಗೆ!"

"ಬಗ್ಗಿರೋಳು ನೀನು, ಬೈಯೋದು ಇನ್ಯಾರಿಗೋ!" ಎಂದು ನಕ್ಕ ಲಕ್ಷ್ಮೀಕಾಂತ. ಅವಳ ಕ್ಲಾಸಿನವನೇ. ಐದನೇ ಕ್ಲಾಸಿನಲ್ಲಿ ಅವನಷ್ಟು ಕೀಟಲೆ ಮಾಡುವವರು ಇನ್ನೊಬ್ಬರಿಲ್ಲ.

ಅದು ಗುಬ್ಬಿ ಕಡೆಯ ಒಂದು ಕೆರೆ. ಕೆರೆಯ ಮಧ್ಯದಲ್ಲಿ ಜಾಲಿ ಮರಗಳ ಪುಟ್ಟ ನಡುಗಡ್ಡೆ. ಪ್ರತಿ ವರ್ಷ ಕೊಕ್ಕರೆಗಳು ಗೂಡು ಕಟ್ಟಲು ಬರುವ ಮುಂಚೆ, ಒಂದು ಭಾನುವಾರ, ತುಮಕೂರಿನ ಕೆರೆ ಬಳಗದವರು ಆ ನಡುಗಡ್ಡೆಯ ಅಂಚಿನ ಪ್ಲಾಸ್ಟಿಕ್ಕನ್ನೆಲ್ಲ ಹೆಕ್ಕುತ್ತಾರೆ. ಬ್ಯಾಂಕಿನವರು, ರಿಟೈರ್ ಆದವರು, ಜೊತೆಗೆ ಶಶಿಕಲಾ ಮಿಸ್ ಕರೆತರುವ ಮಕ್ಕಳು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ ತೆಪ್ಪದಲ್ಲಿ ಸಾಗಿಸುವವರು ಮೀನು ಹಿಡಿಯುವ ಕದರಯ್ಯ ತಾತ.

ಮೋನಿಕಾಗೆ ಇದು ಎರಡನೇ ವರ್ಷ. ಹಾಗಾಗಿ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಅಲ್ಲದೆ ತಿಂಡಿ ಬರುವುದೂ ಅವಳ ಮನೆಯಿಂದಲೇ! ಕ್ಯಾತ್ಸಂದ್ರದಲ್ಲಿ ಅವರದು ತಟ್ಟೆ ಇಡ್ಲಿ ಹೋಟೆಲ್. "ಒಳ್ಳೇ ಕೆಲ್ಸ ಮಾಡೋರು ಹಸ್ಕೊಂಡಿರ್ಬಾರ್ದು" ಎಂದು ಅಜ್ಜಿ ಚಿಕ್ಕಗಂಗಮ್ಮ ಹೋದ ವರ್ಷವೂ ಮೂವತ್ತು ಜನರಿಗೆ ಇಡ್ಲಿ ಕಳಿಸಿದ್ದರು. ಇಡ್ಲಿ ಮುತ್ತುಗದ ಎಲೆಯಲ್ಲಿ, ಚಟ್ನಿ ಪುಟ್ಟ ಕವರಿನಲ್ಲಿ.

ಆ ಕವರಿನ ಬಾಯಿ ಕಟ್ಟುವ ಕೆಲಸ ಮೋನಿಕಾಳದು. ದಾರ ಮೂರು ಸುತ್ತು ಸುತ್ತಿ, ಕೊನೆಗೊಂದು ಜೀರುಗುಣಿಕೆ. ದಾರದ ತುದಿ ಹಿಡಿದು ಎಳೆದರೆ ಗಂಟು ಸರಕ್ಕನೆ ಬಿಚ್ಚಿಕೊಳ್ಳಬೇಕು, ತಿನ್ನುವವರು ಪರದಾಡಬಾರದು. ಅವಳು ಎಡಚಿಯಾದ್ದರಿಂದ ಸುತ್ತು ಉಲ್ಟಾ. "ನಮ್ ಮೋನಿ ಗಂಟು ಸಾವಿರದಲ್ಲೂ ಗುರ್ತು ಸಿಕ್ತದೆ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು.

ಆ ಗಂಟು ಈಗ ಜಾಲಿ ಮುಳ್ಳಿನಲ್ಲಿ ಸಿಕ್ಕಿತು.

ಮುಳ್ಳಿಗೆ ಪುಟ್ಟ ಕವರೊಂದು ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು. ಅದರ ಕುತ್ತಿಗೆಗೆ ಮಾಸಿದ ನೇರಳೆ ದಾರ. ಮೂರು ಸುತ್ತು, ಉಲ್ಟಾ. ಒಂದು ಜೀರುಗುಣಿಕೆ.

ಮೋನಿಕಾ ಆ ದಾರವನ್ನು ಮುಟ್ಟಿ ನೋಡಿದಳು. ಹೋಟೆಲಿನಲ್ಲಿ ಯಾವಾಗಲೂ ಬಿಳಿ ದಾರ. ಹೋದ ವರ್ಷ, ಈ ಕೆರೆಗೆ ಬರುವ ದಿನ ಮಾತ್ರ, ಬಿಳಿ ದಾರ ಮುಗಿದು ಅಜ್ಜಿ ತಮ್ಮ ಹೊಲಿಗೆ ಡಬ್ಬಿಯಿಂದ ನೇರಳೆ ದಾರ ಕೊಟ್ಟಿದ್ದರು. ಪಕ್ಕದ ಪೊದೆಯಲ್ಲಿ ಇನ್ನೊಂದು ಕವರು. ಅದರ ಕೆಳಗೆ ಮತ್ತೊಂದು.

ಅವತ್ತಿನದೆಲ್ಲ ಅವಳಿಗೆ ನೆನಪಾಯಿತು. ಹೆಕ್ಕಿದ ಪ್ಲಾಸ್ಟಿಕ್ ಚೀಲಗಳು ಟ್ರ್ಯಾಕ್ಟರ್ ಹತ್ತಿ ಹೋದ ಮೇಲೆ ತಿಂಡಿ ತಿಂದಿದ್ದರು. ಎಲೆ, ಕವರು ಎಲ್ಲವನ್ನೂ ಏರಿಯ ಮೇಲೆ ಗುಡ್ಡೆ ಹಾಕಿದ್ದರು. ಅಷ್ಟರಲ್ಲಿ ಯಾರೋ "ಫೋಟೋ! ಫೋಟೋ!" ಎಂದಿದ್ದರು. ಎಲ್ಲರೂ ಬ್ಯಾನರ್ ಹತ್ತಿರ ಓಡಿದ್ದರು. ಮೊದಲ ಸಾಲಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತವಳು ಮೋನಿಕಾ.

"ಏನವ್ವ, ಗರ ಬಡ್ದಂಗೆ ನಿಂತ್ಕಂಡೆ?" ಎಂದರು ಕದರಯ್ಯ.

"ತಾತ, ಏರಿ ಮೇಲೆ ಬಿಟ್ಟಿದ್ದೂ ಇಲ್ಲಿಗೆ ಬರ್ತದಾ?"

"ಗಾಳಿ ಬೀಸುದ್ರೆ ಎಲ್ಲಾ ಇಲ್ಲಿಗೇ. ಅದೇನು ನನ್ ತೆಪ್ಪಕ್ಕೆ ಕಾಯ್ತದಾ?"

ಮೋನಿಕಾ ಕವರನ್ನು ತಿರುಗಿಸಿ ನೋಡಿದಳು. ತಳದ ಮೂಲೆಯನ್ನು ಯಾರೋ ಹಲ್ಲಿನಿಂದ ಕಚ್ಚಿ ಹರಿದಿದ್ದರು. ಮೂರು ಕವರೂ ಹಾಗೆಯೇ. ಅಷ್ಟು ಜೋಪಾನವಾಗಿ ಕಟ್ಟಿದ ಗಂಟನ್ನು ಒಬ್ಬರೂ ಎಳೆದಿರಲಿಲ್ಲ. ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

"ಏನೇ ಸಿಕ್ತು?" ಲಕ್ಷ್ಮೀಕಾಂತ ಇಣುಕಿದ.

"ಏನಿಲ್ಲ, ಹೋಗೋ." ಮೂರನ್ನೂ ಜೇಬಿಗೆ ತುರುಕಿಕೊಂಡಳು.

ಎಲ್ಲರೂ ದಡಕ್ಕೆ ಬರುವ ಹೊತ್ತಿಗೆ ಅಪ್ಪ ಸೋಮಶೇಖರ್ ಸ್ಕೂಟರಿನಲ್ಲಿ ತಿಂಡಿ ತಂದಿದ್ದರು. ಚೀಲದೊಳಗೆ ಬಿಳಿ ದಾರದ ಮೂವತ್ತು ಚಟ್ನಿ ಕವರುಗಳು. ಬೆಳಗ್ಗೆ ಎದ್ದು ಅವಳೇ ಕಟ್ಟಿದ್ದು.

"ಚೀಲಗಳು ಟ್ರ್ಯಾಕ್ಟರಿಗೆ ಹೋಗ್ಲಿ, ಆಮೇಲೆ ತಿಂಡಿ!" ಎಂದು ಶಶಿಕಲಾ ಮಿಸ್ ಚಪ್ಪಾಳೆ ತಟ್ಟಿದರು. ಟ್ರ್ಯಾಕ್ಟರ್ ಗುಡುಗುಟ್ಟತೊಡಗಿತು.

ಹೇಳಿದರೆ ಇಷ್ಟು ಜನರ ಮುಂದೆ ಅಪ್ಪನ ಮರ್ಯಾದೆ ಹೋಗುತ್ತದೆ. ಲಕ್ಷ್ಮೀಕಾಂತ ವರ್ಷವಿಡೀ ಆಡಿಕೊಳ್ಳುತ್ತಾನೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಈ ಬಿಳಿ ದಾರದ ಕವರುಗಳೂ ಮುಂದಿನ ವರ್ಷ ಅದೇ ಮುಳ್ಳಿಗೆ ಸಿಕ್ಕಿಕೊಂಡರೆ?

"ಮಿಸ್! ಟ್ರ್ಯಾಕ್ಟರ್ ನಿಲ್ಸಿ!"

ಅವಳು ಜೇಬಿನಿಂದ ಕವರುಗಳನ್ನು ತೆಗೆದಳು. "ಇವು ನಮ್ಮವು. ನಾನೇ ಕಟ್ಟಿದ್ದು. ಹೋದ್ ವರ್ಷ ನಾವೇ ತಿಂದು, ಇಲ್ಲೇ ಬಿಟ್ಟು ಫೋಟೋಗೆ ಓಡಿದ್ವಿ."

ಅಪ್ಪ ನೆಲ ನೋಡುತ್ತಾ ನಿಂತರು. ಮಿಸ್ ಒಂದು ಕವರನ್ನು ಅಂಗೈಯಲ್ಲಿ ಇಟ್ಟುಕೊಂಡು, "ಆ ಫೋಟೋದಲ್ಲಿ ನಾನೂ ಇದ್ದೆ ಕಣೇ" ಎಂದರು ಮೆಲ್ಲಗೆ.

ಲಕ್ಷ್ಮೀಕಾಂತ ಸುಮ್ಮನಿರುವವನೇ? "ಹಂಗಾದ್ರೆ ಒಂದಿನ ಬಗ್ಗಿಸ್ಬೇಕಾಗಿರೋದು ಯಾರ್ನ?"

"ನನ್ನೇ" ಎಂದಳು ಮೋನಿಕಾ.

ಅಪ್ಪ ಕುಡಿಯುವ ನೀರು ತಂದಿದ್ದ ಸ್ಟೀಲ್ ಬಕೆಟ್ಟನ್ನು ಖಾಲಿ ಮಾಡಿ ಮಗಳ ಮುಂದಿಟ್ಟರು. "ಬಿಚ್ಚು ಮಗಾ" ಎಂದರು.

ಅವಳು ಒಂದೊಂದೇ ದಾರ ಎಳೆದಳು. ಸರಕ್, ಸರಕ್. ಚಟ್ನಿ ಬಕೆಟ್ಟಿಗೆ ಬಿತ್ತು, ಖಾಲಿ ಕವರು ಟ್ರ್ಯಾಕ್ಟರಿಗೆ ಹೋಗಬೇಕಿದ್ದ ಕಸದ ಚೀಲಕ್ಕೆ ಹೋಯಿತು. ಅಪ್ಪ ಸೌಟಿನಿಂದ ಎಲೆ ಎಲೆಗೂ ಬಡಿಸುತ್ತಾ ಹೋದರು. ಕಾಯುತ್ತಿದ್ದ ಟ್ರ್ಯಾಕ್ಟರ್ ಡ್ರೈವರಿಗೂ ಎರಡು ಇಡ್ಲಿ ಸಿಕ್ಕಿತು.

"ಒಂದು ನಾನ್ ಎಳೀಲೇನೇ?" ಲಕ್ಷ್ಮೀಕಾಂತ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಎಳೆದ. "ಅಯ್ಯೋ, ಇಷ್ಟ್ ಈಸಿನಾ? ನಾನು ಹೋದ್ ವರ್ಷ ಕಚ್ಬಿಟ್ಟಿದ್ದೆ!"

ಮೋನಿಕಾಗೆ ನಗು ಬಂತು.

ಕೊನೆಗೆ ಹಳೆಯ ಮೂರು ಕವರುಗಳು ಉಳಿದವು. ಒಂದರ ನೇರಳೆ ತುದಿಯನ್ನು ಹಿಡಿದು ಎಳೆದಳು. ಗಂಟು ಬಿಚ್ಚಲಿಲ್ಲ. ಬಿಸಿಲು ಮಳೆ ತಿಂದಿದ್ದ ದಾರವೇ ಬೆರಳಿನಲ್ಲಿ ಪುಡಿಯಾಯಿತು. ಕವರು ಮಾತ್ರ ಹರಿದ ಮೂಲೆ ಬಿಟ್ಟರೆ ಅವತ್ತು ಕಟ್ಟಿದ ಹಾಗೆಯೇ ಇತ್ತು.

ಆಮೇಲೆ ಮೂರನ್ನೂ ಚೀಲಕ್ಕೆ ಹಾಕಿ, ಚೀಲದ ಬಾಯನ್ನು ತಾನೇ ಕಟ್ಟಿದಳು. ಈ ಸಲ ಹಾಕಿದ್ದು ಕಗ್ಗಂಟು.

"ಫೋಟೋ! ಫೋಟೋ!" ಯಾರೋ ಕೂಗಿದರು. ಎಲ್ಲರೂ ಬ್ಯಾನರಿನ ಹತ್ತಿರ ಓಡಿದರು.

ಮೋನಿಕಾ ಓಡಲಿಲ್ಲ. ಎಲ್ಲರೂ ಕೂತು ತಿಂದ ಜಾಗವನ್ನು ಬಗ್ಗಿ ನೋಡುತ್ತಾ ಒಂದು ಸುತ್ತು ಹಾಕಿದಳು. ಆಮೇಲೆ ಹೋಗಿ ಹಿಂದಿನ ಸಾಲಿನಲ್ಲಿ ಅಪ್ಪನ ಪಕ್ಕ ನಿಂತಳು.