ನಾಲ್ಕು ಗೆರೆಯ ನೊಣ

“ಹೊಡೀಬ್ಯಾಡ ತಡಿ ಅಜ್ಜಿ, ಮೊದ್ಲ ಗೆರಿ ಎಣಿಸ್ತೀನಿ,” ಎಂದು ಸ್ಫೂರ್ತಿ ಅಜ್ಜಿಯ ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡಳು.

ಹೊಳೆಮ್ಮಜ್ಜಿಗೆ ನೊಣ ಅಂದರೆ ನೊಣ, ಅಷ್ಟೇ. ಐದನೇ ಕ್ಲಾಸಿನ ಸ್ಫೂರ್ತಿಗೆ ಹಾಗಲ್ಲ. ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಇದ್ದರೆ ಅದು ಊಜಿ ನೊಣ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದು ಬಂದ ಮರಿ ಆ ಹುಳುವನ್ನು ಒಳಗಿಂದಲೇ ತಿನ್ನುತ್ತದೆ. ಮೂರೇ ಗೆರೆ ಇದ್ದರೆ ಮಾಂಸದ ನೊಣ, ಹುಳುವಿನ ತಂಟೆಗೆ ಬರುವುದಿಲ್ಲ. ರೇಷ್ಮೆ ಇಲಾಖೆಯವರು ಕೊಟ್ಟ ಚಾರ್ಟಿನಲ್ಲಿ ಹಾಗೇ ಬರೆದಿದೆ.

ಎಲ್ಲರೂ ಭತ್ತ ಹಾಕುವ ಕಂಪ್ಲಿ ಕಡೆ ಅವ್ವ ಅನ್ನಪೂರ್ಣ ಧೈರ್ಯ ಮಾಡಿ ರೇಷ್ಮೆ ಸಾಕಿದ್ದಳು. ಇದು ಮೊದಲ ಬೆಳೆ. ಇನ್ನು ನಾಲ್ಕೇ ದಿನಕ್ಕೆ ಹುಳುಗಳು ಗೂಡು ಕಟ್ಟಬೇಕು.

ನೊಣ ನುಗ್ಗದಂತೆ ಹುಳುಮನೆಗೆ ಎರಡು ಜಾಲರಿ ಬಾಗಿಲು. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಬೇಕು. ಅಜ್ಜಿ ಆಗಾಗ ಮರೆಯುತ್ತಿದ್ದಳು. ಅಷ್ಟೂ ಸಲ ಸ್ಫೂರ್ತಿ ಬೈಯುತ್ತಿದ್ದಳು.

“ಈ ಮನ್ಯಾಗ ಸೈನ್ಸ್ ಗೊತ್ತಿರೋದು ನನಗೊಬ್ಬಾಕಿಗೇ,” ಎನ್ನುತ್ತಾ ಅವಳು ನೊಣವನ್ನು ಬೆಂಕಿಪೊಟ್ಟಣದಲ್ಲಿ ಹಿಡಿದಳು. ಹೋಲಿಸಿ ನೋಡಬೇಕಾದ ಚಾರ್ಟ್ ಇದ್ದದ್ದು ಹುಳುಮನೆಯ ಒಳಗೆ. ಕಾಲು ತೊಳೆದಳು. ಮೊದಲ ಬಾಗಿಲು ಮುಚ್ಚಿ, ಎರಡನೆಯದನ್ನು ತೆರೆದಳು. ಒಂದು ರೂಲ್ಸೂ ತಪ್ಪಲಿಲ್ಲ. ಚಾರ್ಟಿನ ಮುಂದೆ ನಿಂತು ಪೊಟ್ಟಣವನ್ನು ಸ್ವಲ್ಪವೇ ಸರಿಸಿದಳು.

ಒಂದು, ಎರಡು, ಮೂರು, ನಾಲ್ಕು. ಲೆಕ್ಕ ಸರಿಯಾಗಿಯೇ ಇತ್ತು. ನೊಣ ಮಾತ್ರ ಹಾರಿಹೋಯಿತು.

ಸಂಜೆವರೆಗೆ ಹುಡುಕಿದರೂ ಸಿಗಲಿಲ್ಲ. ಯಾರಿಗೂ ಹೇಳುವ ಧೈರ್ಯವಾಗಲಿಲ್ಲ.

ಮರುದಿನ ಅವ್ವ ಹುಳು ಸಾಕುವ ತಟ್ಟೆಯ ಮುಂದೆ ಕುಸಿದು ಕುಳಿತಳು. ಹುಳುಗಳ ಮೈಮೇಲೆ ಗಸಗಸೆಯಂಥ ಬಿಳಿ ಮೊಟ್ಟೆಗಳಿದ್ದವು.

“ಬಾಗಿಲ ತೆರೆದು ಬಿಟ್ಟೋರು ಯಾರು?” ಎಂದು ಅವ್ವ ಅಜ್ಜಿಯತ್ತ ನೋಡಿದಳು.

“ನಾನಾ ಇರಬೇಕವ್ವ,” ಎಂದಳು ಅಜ್ಜಿ ಮೆಲ್ಲಗೆ. “ನನಗ ನೆನಪ ಉಳಿಯಂಗಿಲ್ಲ ನೋಡು.”

ಸ್ಫೂರ್ತಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅದನ್ನು ನಿಜವೆಂದೇ ನಂಬಿದ್ದಳು.

“ಅಜ್ಜಿ ಅಲ್ಲವ್ವಾ. ಬೆಂಕಿಪೊಟ್ಟಣದಾಗ ಇಟ್ಕೊಂಡು ನಾನಾ ಒಳಗ ತಂದೆ.”

ಅಷ್ಟರಲ್ಲಿ ಮೂಲೆಯಲ್ಲಿ ಗುಂಯ್‌ಗುಟ್ಟಿದ ನೊಣವನ್ನು ಅಜ್ಜಿ ಒಂದೇ ಏಟಿಗೆ ಕೆಡವಿದಳು. ಗೆರೆಯನ್ನು ಯಾರೂ ಎಣಿಸಲಿಲ್ಲ.

“ಕುಂದ್ರು. ಮೊಟ್ಟಿ ಇದ್ದ ಹುಳ ಬ್ಯಾರೆ ಮಾಡು. ಉಳಿದವನ್ನಾದ್ರೂ ಉಳಿಸ್ಕೊಳ್ಳೋಣು,” ಎಂದಳು ಅವ್ವ.

ಅಜ್ಜಿಯೂ ಪಕ್ಕದಲ್ಲಿ ಕುಳಿತು ಒಂದು ಹುಳುವನ್ನು ಮುಂದೆ ಹಿಡಿದಳು. “ಇದರ ಮ್ಯಾಲ ಐತೇನು? ನೀನಾ ನೋಡಿ ಹೇಳವ್ವ.”

ಸ್ಫೂರ್ತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದಳು.

“ನನಗೂ ಗೊತ್ತಾಗವಲ್ದಜ್ಜಿ,” ಎಂದಳು. “ಅವ್ವನ್ನ ಕೇಳೋಣು.”