ನಾಲ್ಕು ದಿನಕ್ಕೊಮ್ಮೆ ಅವನು, ಆರು ದಿನಕ್ಕೊಮ್ಮೆ ಅವಳು

"ರೀ ಮೇಡಂ! ವ್ಯಾನ್ ತೆಗೀರಿ! ಬೇಗ!"

ಅಗ್ನಿಶಾಮಕ ಠಾಣೆಯ ಗೇಟಿಗೆ ಅಡ್ಡಲಾಗಿ ಲೈಬ್ರರಿ ವ್ಯಾನ್ ನಿಲ್ಲಿಸಿ ಪುಸ್ತಕ ಜೋಡಿಸುತ್ತಿದ್ದ ಅವಳು ಗಾಬರಿಯಿಂದ ಚೀಲ ತಡಕಾಡಿದಳು. ಒಳಗೆ ಸೈರನ್ ಕೂಗುತ್ತಿದೆ, ಕೆಂಪು ಗಾಡಿ ಹೊರಟು ನಿಂತಿದೆ, ಇವಳಿಗೋ ಬೀಗದ ಕೈ ಸಿಗುತ್ತಿಲ್ಲ!

ಕೂಗಿದ ಫೈರ್‌ಮನ್ ಓಡಿ ಬಂದವನೇ ಅವಳ ಕೈಯಲ್ಲೇ ಇದ್ದ ಬೀಗದ ಕೈ ಕಿತ್ತುಕೊಂಡು ವ್ಯಾನ್ ಪಕ್ಕಕ್ಕೆ ಸರಿಸಿದ.

ಗಂಟೆ ಕಳೆದು ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಬಂದ. ಬೈಗುಳ ಕಾದಿದೆ ಅಂತ ಇವಳು ತಲೆ ತಗ್ಗಿಸಿದರೆ, ಅವನು ಕೇಳಿದ್ದು ಗಣಿತದ ಪುಸ್ತಕ!

"ಅಕ್ಕನ ಮಗಳಿಗೆ ಪರೀಕ್ಷೆ. ಈ ಶೇಷ, ಅಪವರ್ತ್ಯ ಅಂತೆಲ್ಲ ಇರುತ್ತಲ್ಲ, ನನ್ನ ತಲೆಗೂ ಹತ್ತಲ್ಲ..."

ಅವಳು ಪುಟ ತಿರುವಿದಳು. "ಗುಡಿಯ ಒಂದು ಗಂಟೆ ನಾಲ್ಕು ನಿಮಿಷಕ್ಕೊಮ್ಮೆ ಮೊಳಗುತ್ತೆ, ಇನ್ನೊಂದು ಆರು ನಿಮಿಷಕ್ಕೊಮ್ಮೆ. ಈಗ ಒಟ್ಟಿಗೆ ಮೊಳಗಿದ್ರೆ, ಮತ್ತೆ ಯಾವಾಗ? ನಾಲ್ಕರಿಂದಲೂ ಆರರಿಂದಲೂ ಶೇಷವಿಲ್ಲದೆ ಭಾಗವಾಗೋ ಚಿಕ್ಕ ಸಂಖ್ಯೆ ಹೇಳಿ."

ಅವನು ಬೆರಳು ಮಡಚಿದ. "ಹನ್ನೆರಡು! ಅಲ್ಲ ಮೇಡಂ... ನಿಮ್ಮ ವ್ಯಾನ್ ಇಲ್ಲಿಗೆ ಎಷ್ಟು ದಿನಕ್ಕೊಮ್ಮೆ?"

"ಆರು."

"ನನ್ನ ಡ್ಯೂಟಿ ನಾಲ್ಕಕ್ಕೊಮ್ಮೆ! ಹಾಗಾದ್ರೆ ಹನ್ನೆರಡನೇ ದಿನ ಸಿಗ್ತೀವಿ. ಅವತ್ತು ನಿಮಗೊಂದು ಮಾತು ಹೇಳ್ಬೇಕು."

ಅಯ್ಯೋ, ಆ ಹನ್ನೆರಡು ದಿನ! ಸಕ್ಕರೆ ಡಬ್ಬಕ್ಕೆ ಉಪ್ಪು ಸುರಿದು ಅಮ್ಮನ ಕೈಲಿ ಬೈಸಿಕೊಂಡದ್ದಾಯಿತು. ಕೊನೆಗೂ ಆ ದಿನ ಬಂತು. ಅವನು ಬರಲಿಲ್ಲ.

"ಅವನ ಡ್ಯೂಟಿ ನಾಳೆ ಅಲ್ವೇನಮ್ಮಾ?" ಎಂದರು, ಠಾಣೆಯಲ್ಲಿ ಎಲ್ಲರೂ ದೊಡ್ಡಪ್ಪ ಎನ್ನುವ ಹಿರಿಯ ಫೈರ್‌ಮನ್. "ಅವತ್ತು ನಿನ್ನ ವ್ಯಾನ್ ಸರಿಸಿದ್ನಲ್ಲ, ಅದು ನನ್ನ ಬದಲಿಗೆ ಮಾಡಿದ ಡ್ಯೂಟಿ. ಅವನದ್ದು ಮಾರನೇ ದಿನ ಇತ್ತು."

ಅವಳು ಅಲ್ಲೇ ಕೂತು ಲೆಕ್ಕ ಬರೆದಳು. ಮೊದಲು ಕಂಡ ದಿನ ಸೊನ್ನೆ. ಅವಳ ದಿನಗಳು ಆರು, ಹನ್ನೆರಡು, ಹದಿನೆಂಟು. ಅವನವು ಒಂದು, ಐದು, ಒಂಬತ್ತು, ಹದಿಮೂರು. ನಾಲ್ಕರಿಂದ ಭಾಗಿಸಿದರೆ ಅವನಿಗೆ ಯಾವತ್ತೂ ಶೇಷ ಒಂದು. ಅವಳಿಗೆ ಸೊನ್ನೆ, ಇಲ್ಲವೇ ಎರಡು. ಜನ್ಮದಲ್ಲಿ ಸೇರುವುದಿಲ್ಲ!

'ಗೊತ್ತಿದ್ದೇ ಹೇಳಿದ್ನಾ? ನನ್ನ ಸಾಗಹಾಕೋಕೆ ಇಷ್ಟು ನಯವಾದ ದಾರಿನಾ?'

ಕಣ್ಣು ತುಂಬಿತು. ಹಿಂದೆಯೇ ಸಿಟ್ಟೂ ನೆತ್ತಿಗೇರಿತು. 'ಬೇಡ ಅನ್ನೋದಾದ್ರೆ ಮುಖ ನೋಡಿ ಹೇಳ್ಲಿ!' ಅಂದೇ ಮುಖ್ಯ ಲೈಬ್ರರಿಯನ್ ಬೆನ್ನು ಬಿದ್ದು, ನಾಳೆಯಿಂದಲೇ ಈ ಬೀದಿಯ ಸರದಿಯನ್ನು ಶಾಶ್ವತವಾಗಿ ಒಂದು ದಿನ ಮುಂದಕ್ಕೆ ಹಾಕಿಸಿಕೊಂಡಳು.

ಮರುದಿನ ವ್ಯಾನ್ ಕಂಡದ್ದೇ ಅವನು ಓಡಿ ಬಂದ. "ಇವತ್ತು ಹೇಗೆ ಬಂದ್ರಿ?!"

"ಯಾಕೆ, ಬರಬಾರದಿತ್ತಾ? ನೆಮ್ಮದಿ ಹಾಳಾಯ್ತಾ?" ಅವಳು ಕೈಯಲ್ಲಿದ್ದ ಪುಸ್ತಕ ಕುಕ್ಕಿದಳು. "ನಿನ್ನೆ ಎಷ್ಟು ಹೊತ್ತು ಕಾದೆ ಗೊತ್ತಾ? ಬರೋಕಾಗಲ್ಲ ಅಂತ ನೇರವಾಗಿ ಹೇಳಬಹುದಿತ್ತು!"

"ಅಯ್ಯೋ, ಇಲ್ಲಾರೀ! ಅವತ್ತು ಮಾಡಿದ್ದು ಬದಲಿ ಡ್ಯೂಟಿ ಅನ್ನೋದನ್ನೇ ಮರೆತು ಲೆಕ್ಕ ಹಾಕಿಬಿಟ್ಟಿದ್ದೆ. ಮೊನ್ನೆ ಹೊಳೀತು. ಬೇಗ ಮುಗಿಸಿ ನಿಮ್ಮ ಹತ್ರ ಬರೋಣ ಅಂತ ಹೋಗಿ, ನಿನ್ನೆ ಬೆಳಗ್ಗಿಂದ ಸಂಜೆವರೆಗೂ ಮುಖ್ಯ ಕಚೇರಿ ಬೆಂಚಲ್ಲಿ ಕೂತಿದ್ದೆ, ಡ್ಯೂಟಿ ಒಂದು ದಿನ ಹಿಂದಕ್ಕೆ ಹಾಕಿಸಿಕೊಳ್ಳೋಕೆ. ನೋಡಿ, ಆರ್ಡರ್! ಮುಂದಿನ ಸಲದಿಂದ ಜಾರಿ."

ಅವಳು ಕಾಗದ ನೋಡಿದಳು. ಅವನನ್ನು ನೋಡಿದಳು. "ರೀ... ನಾನೂ ಒಂದು ದಿನ ಮುಂದಕ್ಕೆ ಹಾಕಿಸಿಕೊಂಡೆ!"

"ಅಂದ್ರೆ..."

"ಇನ್ಮೇಲೆ ನಿಮ್ಮದೆಲ್ಲ ಸರಿಸಂಖ್ಯೆ ದಿನ, ನನ್ನದೆಲ್ಲ ಬೆಸ. ಮತ್ತೆ ಸೇರಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಡ್ಯೂಟಿ ಮುಗಿಸಿ ಮನೆಗೆ ಹೊರಟು ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನಿಗೆ ಏನೆಂದು ತಿಳಿಯದಿದ್ದರೂ ನಗು ಬಂತು.

ನಗು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ. "ನಿಮ್ಮದನ್ನ ವಾಪಸ್ ಹಾಕಿಸಿಕೊಳ್ತೀರಾ?"

"ಹಾಕಿಸ್ಕೊಂಡ್ರೂ ಹನ್ನೆರಡು ದಿನಕ್ಕೊಮ್ಮೆ ತಾನೇ?" ಅವಳು ತಲೆ ಅಲ್ಲಾಡಿಸಿದಳು. "ನನಗೆ ಸಾಲದು."

"ನನಗೂ ಸಾಲದು. ಡ್ಯೂಟಿ ಮುಗಿಸಿ ನಾನು ಬರೋ ಮನೆಗೇ ನೀವೂ ಬರೋ ಹಾಗಾಗ್ಬೇಕು. ದಿನಾ. ಮದುವೆ ಆಗ್ತೀರಾ?"

"ಆಗ್ತೀನಿ. ಆದ್ರೆ ನಮ್ಮಮ್ಮನ್ನ ಕೇಳೋಕೆ ಬರೋ ದಿನ ಮಾತ್ರ ನಾನೇ ಹೇಳ್ತೀನಿ. ನೀವು ಲೆಕ್ಕ ಹಾಕ್ಬೇಡಿ!"