ಒತ್ತು ಬೇಡ

“ಒತ್ತು ಬೇಡ ಮಧುಕರ್. ಕಿರಿಕಿರಿ ಆಗ್ತಿದೆ. ಸದ್ಯಕ್ಕೆ ತೆಗೆದುಬಿಡಿ.”

ಸ್ಫೂರ್ತಿಯ ಮೆಸೇಜನ್ನು ಮಧುಕರ ಎರಡು ಸಲ ಓದಿದ. ವಾರವಿಡೀ ಬರೆದು ಅಳಿಸಿ, ಅಳಿಸಿ ಬರೆದು, ಆಗಷ್ಟೇ ಕಣ್ಣು ಮುಚ್ಚಿಕೊಂಡು ಅವನು ಕಳಿಸಿದ್ದು ಇದು: “ಕಂಪನಿ ಬೆಂಗಳೂರಿಗೆ ವಾಪಸ್ ಬಾ ಅಂತಿದೆ. ಕೇಳ್ಕೊಂಡ್ರೆ ಇನ್ನೊಂದು ವರ್ಷ ಇಲ್ಲೇ ಇರಬಹುದು. ನೀವು ಇರಿ ಅಂದ್ರೆ ಇರ್ತೀನಿ.”

ಅದಕ್ಕೆ ಈ ಉತ್ತರ. ಇನ್ನೇನು ಬಿಡಿಸಿ ಹೇಳಬೇಕು? ಮಧುಕರ ಮರ್ಯಾದಸ್ಥ. ಅವಳಿಗೆ ಮುಜುಗರವಾಗದಿರಲಿ ಎಂದು ತನ್ನ ಮೆಸೇಜನ್ನು ಡಿಲೀಟ್ ಮಾಡಿದ. ಮರ್ಯಾದಸ್ಥರು ಇಂಥ ಕೆಲಸಗಳನ್ನು ಬಲು ಚುರುಕಾಗಿ ಮಾಡುತ್ತಾರೆ. ಆಮೇಲೆ ಬೀದಿ ತುದಿಯ ಕೊಂಬಿನಿ ಅಂಗಡಿಗೆ ಹೋಗಿ, ಏನು ಕೊಳ್ಳಬೇಕೆಂದು ತೋಚದೆ, ಒಂದು ಮಾಸ್ಕ್ ಪ್ಯಾಕೆಟ್ ಹಿಡಿದುಕೊಂಡು ಬಂದ.

ಇವರಿಬ್ಬರನ್ನು ಗಂಟು ಹಾಕಿದವರು, ಪೆನ್ನಿನ ವಿಷಯಕ್ಕೆ ಮಾತ್ರ, ವಸುಂಧರಾ ಮೇಡಂ. ಜಪಾನಿನ ಇಚಿಕಾವಾದಲ್ಲಿರುವ ಕನ್ನಡ ಮಕ್ಕಳಿಗೆ ಭಾನುವಾರ ಅಕ್ಷರ ಹೇಳಿಕೊಡುವವರು. ಕೊರೊನಾ ಬಂದು ಕ್ಲಾಸು ಟ್ಯಾಬ್ಲೆಟ್ಟಿಗೆ ಏರಿದ ಮೇಲೆ ಅವರು ಕಂಗಾಲಾಗಿದ್ದರು. ಗಾಜಿನ ಮೇಲೆ ಮಕ್ಕಳ ಪೆನ್ನು ಜಾರುತ್ತಿತ್ತು. ಒತ್ತಕ್ಷರ ನುಂಗಿ ಅಪ್ಪನನ್ನು ‘ಅಪ’ ಮಾಡಿಡುತ್ತಿದ್ದರು. ತ್ಸುಕುಬಾದ ಸಂಶೋಧನಾಲಯದಲ್ಲಿದ್ದ ಸ್ಫೂರ್ತಿ, ಒಳಗೆ ಪುಟ್ಟ ಮೋಟಾರ್ ಕೂರಿಸಿ, ಗಾಜಿನ ಮೇಲೂ ಕಾಗದದ ಹಾಗೆ ತರಿತರಿ ಎನ್ನುವ ಪೆನ್ನು ಮಾಡುತ್ತಿದ್ದಳು. ಯಾವ ಅಕ್ಷರಕ್ಕೆ ಎಲ್ಲಿ, ಎಷ್ಟು ಅದುರಬೇಕೆಂದು ಪೆನ್ನಿಗೆ ಹೇಳುವ ಕೋಡ್ ಮಧುಕರನದು.

ಕೊರೊನಾ ಎಮರ್ಜೆನ್ಸಿಯ ಕಾಲ. ಅವಳ ಲ್ಯಾಬಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ಪೆನ್ನುಗಳು ಕೊರಿಯರಿನಲ್ಲಿ ಓಡಾಡಿದವು, ಇವರು ವಿಡಿಯೋದಲ್ಲೇ ಉಳಿದರು. ಟೆಸ್ಟ್ ಸರಿಬಂದಾಗ ಸ್ಫೂರ್ತಿ ಒಂದು ಹುಬ್ಬು ಮೇಲಕ್ಕೆತ್ತಿ ಓರೆಯಾಗಿ ನೋಡುತ್ತಿದ್ದಳು. ಆ ನೋಟ ಇನ್ನೊಮ್ಮೆ ಸಿಗಲೆಂದು ಮಧುಕರ ಬೇಡದ ಟೆಸ್ಟುಗಳನ್ನೂ ಮಾಡಿಸಿದ್ದುಂಟು. ಹುಡುಗ ಪೂರ್ತಿ ಜಾರಿಬಿದ್ದಿದ್ದ. ಈಗ ವಾಪಸ್ ಹೋದರೆ, ಬಾಗಿಲು ಮುಚ್ಚಿಕೊಂಡ ಈ ದೇಶ ಮತ್ತೆ ಯಾವಾಗ ಒಳಗೆ ಬಿಟ್ಟುಕೊಳ್ಳುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಆದರೂ ಶುಕ್ರವಾರ ಬೆಳಗ್ಗೆ ಮ್ಯಾನೇಜರ್ ಒಕಾದಾ ಸಾನ್‌ಗೆ “ವಾಪಸ್ ಹೋಗುತ್ತೇನೆ” ಎಂದು ಮೇಲ್ ಹಾಕಿಬಿಟ್ಟ.

ಮಧ್ಯಾಹ್ನ ಸ್ಫೂರ್ತಿಯ ವಿಡಿಯೋ ಕಾಲ್ ಬಂತು. ಮುಖ ಕೆಂಪಗಿತ್ತು.

“ರೀ, ಒತ್ತು ತೆಗೀರಿ ಅಂತ ಮೊನ್ನೇನೇ ಹೇಳಿದ್ದೆ. ಯಾಕೆ ತೆಗೀಲಿಲ್ಲ?”

ಮಧುಕರ ತಲೆ ತಗ್ಗಿಸಿದ. “ತೆಗೆದೆನಲ್ಲ. ಆಮೇಲೆ ನಿಮಗೆ ಒಂದು ಮೆಸೇಜೂ ಮಾಡಿಲ್ಲ.”

“ಎಲ್ಲಿ ತೆಗೆದಿದೀರಿ? ಈಗ್ಲೂ ಕೈಗೆ ಒದೀತಿದೆ!”

“ನಾನು… ಒದ್ದೆನಾ?”

“ನೀವಲ್ಲರೀ, ಪೆನ್ನು! ‘ಅಪ್ಪ’ ಬರೆಯೋಕೆ ಹೋದ್ರೆ ಪ ಒತ್ತಿನ ಹತ್ರ ಕತ್ತೆ ಹಾಗೆ ಒದೆಯತ್ತೆ. ಆ ಫೀಡ್‌ಬ್ಯಾಕ್ ಸದ್ಯಕ್ಕೆ ತೆಗೆದುಬಿಡಿ ಅಂದಿದ್ದು.”

ಮಧುಕರ ತಲೆಯೆತ್ತಿದ. “ಒತ್ತು ಅಂದ್ರೆ… ಒತ್ತಕ್ಷರದ ಒತ್ತಾ?”

“ಮತ್ತೆ ಇನ್ಯಾವ ಒತ್ತು?”

“ನಾನು ಒತ್ತಾಯ ಮಾಡ್ಬೇಡಿ ಅಂತ ಅಂದ್ಕೊಂಡೆ. ಮತ್ತೆ ಕಿರಿಕಿರಿ?”

“ಬೆರಳಿಗೆ! ಯಾವ ಒತ್ತಾಯ? ಏನು ಕೇಳಿದ್ರಿ ನೀವು? ನಾನು ಓದೋಕೆ ಮುಂಚೇನೇ ಏನೋ ಡಿಲೀಟ್ ಮಾಡಿದ್ರಿ ಅಲ್ವಾ, ಅದಾ?”

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮಧುಕರ ಎಲ್ಲವನ್ನೂ ಹೇಳಿದ. ಬೆಂಗಳೂರು, ಒಂದು ವರ್ಷ, ಬೆಳಗ್ಗೆ ಹಾಕಿದ ಮೇಲ್. “ಪೆನ್ನಿಗೋಸ್ಕರ ಅಲ್ಲ,” ಎಂದು ಕೊನೆಗೆ ಸೇರಿಸಿದ. “ನಿಮಗೋಸ್ಕರ ಇರ್ಬೇಕು ಅನ್ನಿಸ್ತು. ನೀವಂದ್ರೆ ನಂಗೆ ತುಂಬಾ ಇಷ್ಟ.”

ಸ್ಫೂರ್ತಿ ನಗಲು ಹೋದಳು. ನಗು ಅರ್ಧಕ್ಕೆ ಅಳುವಾಯಿತು. ಅವಳು ಕನ್ನಡಕ ತೆಗೆದು ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. “ದಡ್ಡ! ನನ್ನನ್ನ ಒಂದು ಮಾತು ಫೋನ್ ಮಾಡಿ ಕೇಳೋಕೆ ಏನಾಗಿತ್ತು? ಮೊದ್ಲು ಒಕಾದಾ ಸಾನ್‌ಗೆ ಫೋನ್ ಮಾಡಿ. ಈಗ್ಲೇ. ನನ್ನೆದುರಿಗೇ.”

ಮಧುಕರ ಮೊಬೈಲ್ ತೆಗೆದು, ಲ್ಯಾಪ್‌ಟಾಪಿನ ಪಕ್ಕದಲ್ಲೇ ಕೂತು ನಂಬರ್ ಒತ್ತಿದ. ಜಪಾನಿ ಭಾಷೆಯಲ್ಲಿ ಸುಮಿಮಾಸೆನ್, ಕ್ಷಮಿಸಿ ಎಂದು ಮತ್ತೆ ಮತ್ತೆ ತಲೆ ಬಾಗಿಸಿದ, ಆ ಕಡೆಯವರಿಗೆ ಕಾಣದಿದ್ದರೂ. ಒಕಾದಾ ಸಾನ್ ಸಾವಧಾನವಾಗಿ ಹೇಳಿದರು: ಮೇಲ್ ಇನ್ನೂ ಹೆಡ್ ಆಫೀಸಿಗೆ ಹೋಗಿಲ್ಲ. ಆದರೆ ಈಗಲೇ ಕಳಿಸಬೇಕು. ನಿಮ್ಮ ನಿರ್ಧಾರ ಏನು?

ಮಧುಕರ ಮೊಬೈಲಿಗೆ ಅಂಗೈ ಅಡ್ಡ ಹಿಡಿದು ಪರದೆಯತ್ತ ತಿರುಗಿದ. “ಈಗ್ಲೇ ಹೇಳ್ಬೇಕಂತೆ. ನೀವಿನ್ನೂ ಏನೂ ಹೇಳಿಲ್ಲ.”

ಹುಬ್ಬು ಮೇಲೇಳಲಿಲ್ಲ, ಓರೆನೋಟವೂ ಇರಲಿಲ್ಲ. ಸ್ಫೂರ್ತಿ ಅವನನ್ನು ನೇರವಾಗಿ ನೋಡಿದಳು. ಇಷ್ಟು ದಿನ ಅವನಿಗೆ ನೀವು, ತಾವು, ಬನ್ನಿ, ಹೋಗಿ ಎಂದೇ ಮಾತಾಡಿದ್ದವಳು ಮೆಲ್ಲಗೆ ಅಂದಳು:

“ಇರು, ಮಧು.”

ಮಧುಕರ ಫೋನನ್ನು ಕಿವಿಗಿಟ್ಟುಕೊಂಡು ಒಕಾದಾ ಸಾನ್‌ಗೆ ಅಚ್ಚ ಕನ್ನಡದಲ್ಲಿ, “ಇರ್ತೀನಿ ಕಣೇ” ಅಂದುಬಿಟ್ಟ.